ಕಾರ್ಬುರೇಟರು ಬೆಳೆದು ಬಂದ ದಾರಿ

ಮೋಟಾರು ಗಾಡಿಯ ಇತಿಹಾಸವೆಂದರೆ ಬೆನ್ಜ್, ಫೋರ್ಡ್ ಮೊದಲಾದವರ ಹೆಸರುಗಳು, ಹೊಸ ಹೊಸ ಮಾದರಿಗಳ ಪಟ್ಟಿ, ವೇಗದ ದಾಖಲೆಗಳು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಬಾನೆಟ್ಟು ಎತ್ತಿ ನೋಡಿದವರಿಗೆ ಇನ್ನೊಂದು ಇತಿಹಾಸ ಕಾಣಿಸುತ್ತದೆ. ಅದು ದೂರುಗಳ ಇತಿಹಾಸ. ಗಾಡಿ ಚಳಿಗೆ ಹೊರಡಲಿಲ್ಲ, ಏರು ಹತ್ತಲಿಲ್ಲ, ನಿಂತಲ್ಲೇ ಆರಿಹೋಯಿತು, ಕಪ್ಪು ಹೊಗೆ ಕಾರಿತು - ಹೀಗೆ ಜನ ಹೇಳಿಕೊಂಡ ಒಂದೊಂದು ದೂರಿಗೂ ಯಾರೋ ಒಬ್ಬರು ಉತ್ತರ ಹುಡುಕಿದ್ದಾರೆ. ಆ ಉತ್ತರವೇ ಯಂತ್ರದ ಒಂದು ಭಾಗವಾಗಿ ಉಳಿದಿದೆ.

ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನನ್ನಂಥ ಗುಮಾಸ್ತನಿಗೆ ಇದು ಹೊಸ ವಿಷಯವಲ್ಲ. ಪ್ರತಿಯೊಂದು ಸುತ್ತೋಲೆಯ ಹಿಂದೆ ಎಂದೋ ಎದ್ದ ಒಂದು ತಕರಾರು ಇರುತ್ತದೆ. ತಕರಾರು ಏನೆಂದು ತಿಳಿದವನಿಗೆ ಸುತ್ತೋಲೆಯ ಅರ್ಥ ಬೇಗ ಹೊಳೆಯುತ್ತದೆ. ಕಾರ್ಬುರೇಟರಿನ ಮಾತೂ ಹೀಗೆಯೇ. ಅದರೊಳಗಿನ ಸಣ್ಣ ಸಣ್ಣ ತೂತುಗಳು ಯಾವ ಯಾವ ತೊಂದರೆಯಿಂದಾಗಿ ಹುಟ್ಟಿದವು ಎಂದು ತಿಳಿದರೆ, ಕೆಟ್ಟಾಗ ಎಲ್ಲಿ ಹುಡುಕಬೇಕೆಂಬುದೂ ತಾನಾಗಿ ತಿಳಿಯುತ್ತದೆ.

ಗಾಳಿಯ ಲೆಕ್ಕ

ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಆ ಆವಿಯೂ ಗಾಳಿಯೊಡನೆ ಹದವಾಗಿ ಬೆರೆತಾಗ ಮಾತ್ರ ಇಂಜಿನಿಗೆ ಪ್ರಯೋಜನ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲಿನ ಪಾಲು ಹೆಚ್ಚಾದರೆ ಮಿಶ್ರಣ 'ರಿಚ್' ಆಯಿತೆಂದೂ, ಕಡಿಮೆಯಾದರೆ 'ಲೀನ್' ಆಯಿತೆಂದೂ ಮೆಕ್ಯಾನಿಕರು ಹೇಳುತ್ತಾರೆ.

ಈ ಅಂಕಿಯನ್ನು ಇನ್ನೊಂದು ರೀತಿಯಲ್ಲಿ ನೋಡೋಣ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅದಕ್ಕೆ ಬೇಕಾಗುವ ಗಾಳಿ ಸುಮಾರು 11 ಕಿಲೋ. ಒಂದು ಲೀಟರ್ ಗಾಳಿ ತೂಗುವುದು ಬರೀ 1.2 ಗ್ರಾಂ. ಅಂದರೆ ಒಂದು ಲೀಟರ್ ಪೆಟ್ರೋಲಿನ ಜೊತೆಗೆ ಇಂಜಿನು ಸುಮಾರು 9,000 ಲೀಟರ್ ಗಾಳಿಯನ್ನು ಕುಡಿಯುತ್ತದೆ. 30 ಲೀಟರ್ ಹಾಕಿಸಿಕೊಂಡು ಊರಿನ ಜಾತ್ರೆಗೆ ಹೊರಟವರ ಗಾಡಿ ದಾರಿಯುದ್ದಕ್ಕೂ ಸೇದುವ ಗಾಳಿ ಸುಮಾರು 2,70,000 ಲೀಟರ್! ಪೆಟ್ರೋಲಿಗೆ ನಾವು ಹಣ ಕೊಡುತ್ತೇವೆ, ಆದ್ದರಿಂದ ಅದರ ಮೇಲೆ ಕಣ್ಣಿಡುತ್ತೇವೆ. ಗಾಳಿ ಬಿಟ್ಟಿ ಸಿಗುತ್ತದೆ, ಆದ್ದರಿಂದ ಅದನ್ನು ಮರೆಯುತ್ತೇವೆ. ಹಳೆಯ ಗಾಡಿಗಳ ಅರ್ಧ ರೋಗಕ್ಕೆ ಈ ಮರೆವೇ ಕಾರಣ.

ಹ್ಯಾಟಿನ ಪಿನ್ನಿನ ಕಾಲ

ಜರ್ಮನಿಯ ಕಾರ್ಲ್ ಬೆನ್ಜ್ 1886ರ ಜನವರಿ 29ರಂದು ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟು ಬೇಡಿದನು. ಅದರಲ್ಲಿದ್ದ ಕಾರ್ಬುರೇಟರು ಬಹಳ ಸರಳವಾದುದು. ಒಂದು ಪಾತ್ರೆಯಲ್ಲಿ ಇಂಧನ. ಅದರ ಮೇಲಿನಿಂದ ಹಾದುಹೋಗುವ ಗಾಳಿ ಆವಿಯನ್ನು ಹೊತ್ತುಕೊಂಡು ಇಂಜಿನಿಗೆ ಹೋಗುತ್ತಿತ್ತು. ನಿಂತಲ್ಲಿ ನಡೆಯುವ ಯಂತ್ರಕ್ಕೆ ಇಷ್ಟು ಸಾಕು. ರಸ್ತೆಯ ಮೇಲೆ ಕುಲುಕುತ್ತ ಹೋಗುವ ಗಾಡಿಗೆ ಇದು ಸಾಲದು. ಕುಲುಕಿದಂತೆಲ್ಲ ಆವಿಯ ಪ್ರಮಾಣ ಬದಲಾಗುತ್ತದೆ. ಹಗುರವಾದ ಅಂಶ ಮೊದಲು ಆವಿಯಾಗಿ ಹೋಗಿ ಆರದ ಜಿಡ್ಡು ತಳದಲ್ಲಿ ಉಳಿಯುತ್ತದೆ.

1888ರ ಆಗಸ್ಟಿನಲ್ಲಿ ಬೆನ್ಜನ ಪತ್ನಿ ಬರ್ತಾ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ಗಾಡಿ ನಡೆಸಿದಳು. ದೂರ ಸುಮಾರು 100 ಕಿಲೋಮೀಟರು. ಪೆಟ್ರೋಲ್ ಬಂಕು ಎಂಬುದು ಇನ್ನೂ ಹುಟ್ಟಿರಲಿಲ್ಲ. ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಆಕೆ ಇಂಧನ ಕೊಂಡಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ತನ್ನ ಹ್ಯಾಟಿನ ಪಿನ್ನಿನಿಂದ ಅದನ್ನು ಬಿಡಿಸಿದಳೆಂದು ಪ್ರಸಿದ್ಧಿ. ದೂರದ ಮೋಟಾರು ಪ್ರಯಾಣದ ಮೊದಲ ಕಥೆಯೇ ಕಸ ತೆಗೆದು ಮುಂದೆ ಸಾಗಿದ ಕಥೆ. ಇಂಧನದಲ್ಲಿ ಕಸ, ಮುಂಬಯಿಯ ಮೆಕ್ಯಾನಿಕರ ಬಾಯಲ್ಲಿ 'ಕಚರಾ', ಆ ದಿನದಿಂದ ಈ ದಿನದವರೆಗೂ ಮೋಟಾರಿನ ಬೆನ್ನು ಬಿಟ್ಟಿಲ್ಲ.

ಒಂದೊಂದು ದೂರಿಗೆ ಒಂದೊಂದು ಭಾಗ

ಮುಂದಿನ ದೊಡ್ಡ ಹೆಜ್ಜೆ 1893ರಲ್ಲಿ. ಹಂಗೆರಿಯ ಬಾಂಕಿ ಮತ್ತು ಚೋಂಕಾ ಎಂಬ ಇಬ್ಬರು ಇಂಜಿನಿಯರುಗಳು ಆ ವರ್ಷದ ಫೆಬ್ರವರಿಯಲ್ಲಿ, ಜರ್ಮನಿಯ ವಿಲ್ಹೆಲ್ಮ್ ಮೇಬಾಖ್ ಅದೇ ವರ್ಷದ ಆಗಸ್ಟಿನಲ್ಲಿ, ಪೆಟ್ರೋಲನ್ನು ತುಂತುರಾಗಿ ಚಿಮುಕಿಸುವ ಕಾರ್ಬುರೇಟರಿಗೆ ಹಕ್ಕು ಪಡೆದರು. ಹೂ ಮಾರುವ ಹುಡುಗಿಯೊಬ್ಬಳು ಹೂಗಳ ಮೇಲೆ ಬಾಯಿಂದ ನೀರು ಚಿಮುಕಿಸುವುದನ್ನು ಕಂಡು ಹಂಗೆರಿಯವರಿಗೆ ಈ ಉಪಾಯ ಹೊಳೆಯಿತೆಂಬ ಕಥೆಯಿದೆ. ಕಥೆ ನಿಜವೋ ಸುಳ್ಳೋ, ನಮ್ಮ ಓಣಿಯ ಇಸ್ತ್ರಿಯವನು ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಿದ್ದುದನ್ನು ಕಂಡವರಿಗೆ ತತ್ವವಂತೂ ಅರ್ಥವಾಗುತ್ತದೆ.

ತತ್ವ ಹಳೆಯದು. ದ್ರವ ಅಥವಾ ಗಾಳಿ ವೇಗವಾಗಿ ಹರಿಯುವಲ್ಲಿ ಒತ್ತಡ ಇಳಿಯುತ್ತದೆ ಎಂಬುದನ್ನು ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ್ದನು. ನಡುವೆ ಸಣ್ಣದಾದ ಕೊಳವೆಯಲ್ಲಿ ಹರಿವು ಹೇಗಿರುತ್ತದೆಂದು ಇಟಲಿಯ ವೆಂಚೂರಿ 1797ರಲ್ಲಿ ವಿವರಿಸಿದನು. ಕಾರ್ಬುರೇಟರಿನ ಕೊರಳು ಅಂಥದೇ ಕೊಳವೆ. ಅಲ್ಲಿ ಗಾಳಿ ಓಡುತ್ತದೆ, ಒತ್ತಡ ತಗ್ಗುತ್ತದೆ, ಜೆಟ್ ಎಂಬ ಸಣ್ಣ ತೂತಿನಿಂದ ಪೆಟ್ರೋಲು ಮೇಲೆದ್ದು ತುಂತುರಾಗುತ್ತದೆ. ಜೆಟ್ಟಿಗೆ ಪೆಟ್ರೋಲು ಸದಾ ಒಂದೇ ಮಟ್ಟದಲ್ಲಿ ಸಿಗಬೇಕಲ್ಲ? ಅದಕ್ಕಾಗಿ ಪಕ್ಕದಲ್ಲೊಂದು ಪುಟ್ಟ ತೊಟ್ಟಿ, ಅದರಲ್ಲಿ ತೇಲುವ ಫ್ಲೋಟು. ಮನೆಯ ನೀರಿನ ಟಾಂಕಿಯಲ್ಲಿ ಚೆಂಡು ಮೇಲೆದ್ದಾಗ ನಲ್ಲಿ ಮುಚ್ಚಿಕೊಳ್ಳುವಂತೆಯೇ, ಇಲ್ಲಿ ಫ್ಲೋಟು ಮೇಲೆದ್ದಾಗ ಸೂಜಿಯ ವಾಲ್ವು ಮುಚ್ಚಿಕೊಳ್ಳುತ್ತದೆ.

ಇಷ್ಟಾದ ಮೇಲೆ ದೂರುಗಳ ಸಾಲು ಆರಂಭವಾಯಿತು. ಒಂದೇ ಜೆಟ್ಟಿದ್ದರೆ ನಿಧಾನದಲ್ಲಿ ಹದವಾಗಿದ್ದ ಮಿಶ್ರಣ ವೇಗ ಏರಿದಂತೆ ರಿಚ್ ಆಗುತ್ತ ಹೋಗುತ್ತದೆ. ಇದಕ್ಕೆ ಫ್ರಾನ್ಸಿನ ಲಿಯಾನ್ ನಗರದ ಬಾವ್ರೇ ಎಂಬುವನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎರಡನೆಯ ಜೆಟ್ಟನ್ನು ಸೇರಿಸಿದನು. ಒಂದು ಹೆಚ್ಚು ಕೊಡುವಾಗ ಇನ್ನೊಂದು ಕಡಿಮೆ ಕೊಟ್ಟು ಸರಿದೂಗಿಸುತ್ತದೆ. ಜೆನಿತ್ ಎಂಬ ಹೆಸರು ಬಂದುದು ಹೀಗೆ. ಇಂಗ್ಲೆಂಡಿನ ಸ್ಕಿನ್ನರ್ ಸಹೋದರರು ಬೇರೆ ದಾರಿ ಹಿಡಿದರು. ಅವರದು ಪಾದರಕ್ಷೆಯ ವ್ಯಾಪಾರದ ಮನೆತನ. ಆದ್ದರಿಂದ ಚರ್ಮದ ತಿದಿಯೊಂದನ್ನು ಅಳವಡಿಸಿ, ಗಾಳಿಯ ಹರಿವಿಗೆ ತಕ್ಕಂತೆ ಕೊರಳೇ ಹಿಗ್ಗಿ ಕುಗ್ಗುವಂತೆ ಮಾಡಿದರು. ಅವರ ಎಸ್.ಯು. ಕಾರ್ಬುರೇಟರಿನಲ್ಲಿ ಮುಂದೆ ಆ ತಿದಿಯ ಜಾಗಕ್ಕೆ ಲೋಹದ ಪಿಸ್ಟನ್ನು ಬಂದಿತು. ನಮ್ಮ ದೇಶದ ಮೆಕ್ಯಾನಿಕರಿಗೆ ಚಿರಪರಿಚಿತವಾದ ಸೊಲೆಕ್ಸ್, ಪ್ಯಾರಿಸ್ಸಿನ ಗುಡಾರ್ ಮತ್ತು ಮೆನೆಸ್ಸೋನ್ ಎಂಬ ಇಬ್ಬರು ಇಂಜಿನಿಯರುಗಳ ಕೂಸು.

ಚಳಿಯಲ್ಲಿ ಪೆಟ್ರೋಲು ಬೇಗ ಆವಿಯಾಗದು. ಅದಕ್ಕಾಗಿ ಗಾಳಿಯ ದಾರಿಯನ್ನು ಸ್ವಲ್ಪ ಮುಚ್ಚುವ ಚೋಕ್ ಬಂದಿತು. ಗಾಡಿ ನಿಂತಾಗ ಕೊರಳಿನಲ್ಲಿ ಗಾಳಿ ಮಂದವಾಗಿ ಮುಖ್ಯ ಜೆಟ್ಟು ಕೆಲಸ ಮಾಡುವುದಿಲ್ಲ. ಅದಕ್ಕಾಗಿ ಐಡ್ಲಿಂಗ್ ಜೆಟ್ ಬಂದಿತು. ಆಕ್ಸಿಲರೇಟರನ್ನು ಫಕ್ಕನೆ ತುಳಿದಾಗ ಗಾಳಿ ಮುಂದೆ ಓಡಿ ಪೆಟ್ರೋಲು ಹಿಂದೆ ಬೀಳುತ್ತದೆ. ಅದಕ್ಕಾಗಿ ಒಂದು ಗುಟುಕು ಪೆಟ್ರೋಲನ್ನು ಮುಂಚಿತವಾಗಿ ಚಿಮ್ಮುವ ಪಂಪು ಬಂದಿತು.

ಧೂಳಿನ ಪಾಠ

ಮೊದಲ ಮೋಟಾರುಗಳಿಗೆ ಏರ್ ಕ್ಲೀನರ್ ಇರಲಿಲ್ಲ. ರಸ್ತೆಗಳೋ ಮಣ್ಣಿನವು. ಸಾವಿರಾರು ಲೀಟರ್ ಗಾಳಿಯ ಜೊತೆಗೆ ಒಳಗೆ ಹೋದ ಸಣ್ಣ ಮರಳು ಎಣ್ಣೆಯಲ್ಲಿ ಬೆರೆತು ಸಾಣೆಯ ಪುಡಿಯಂತಾಗಿ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸವೆಸಿಬಿಡುತ್ತಿತ್ತು. 1920ರ ದಶಕದಿಂದ ಕಾರುಗಳಲ್ಲಿ ಏರ್ ಕ್ಲೀನರ್ ಸಾಮಾನ್ಯವಾಗುತ್ತ ಬಂದಿತು. ಎಣ್ಣೆ ತೊಟ್ಟಿಯ ಕ್ಲೀನರನ್ನು ಹಳೆಯ ಜೀಪುಗಳಲ್ಲಿ ಹಲವರು ನೋಡಿರಬಹುದು. ಒಳಗೆ ಬಂದ ಗಾಳಿ ಎಣ್ಣೆಯ ಹತ್ತಿರಕ್ಕೆ ಇಳಿದು ಥಟ್ಟನೆ ಮೇಲಕ್ಕೆ ತಿರುಗುತ್ತದೆ. ಭಾರವಾದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ಎರಡನೆಯ ಮಹಾಯುದ್ಧದ ನಂತರ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರು ಬಂದು ಕ್ರಮೇಣ ಎಲ್ಲೆಡೆ ನೆಲೆಯಾಯಿತು.

ಯುದ್ಧಕಾಲದ ಪರೀಕ್ಷೆ

ಕಾರ್ಬುರೇಟರು ಮತ್ತು ಏರ್ ಕ್ಲೀನರ್ ಎರಡೂ ಜೀವನ್ಮರಣದ ಪ್ರಶ್ನೆಯಾದುದು ಆ ಯುದ್ಧದಲ್ಲಿ. ಬ್ರಿಟಿಷರ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ಮರ್ಲಿನ್ ಇಂಜಿನಿನಲ್ಲಿ ಇದ್ದುದು ಎಸ್.ಯು. ಕಾರ್ಬುರೇಟರು. 1940ರಲ್ಲಿ ವಿಮಾನ ಚಾಲಕರಿಂದ ಒಂದೇ ದೂರು: ಮೂತಿ ತಗ್ಗಿಸಿ ಫಕ್ಕನೆ ಕೆಳಗಿಳಿದರೆ ಇಂಜಿನು ಮುಗ್ಗರಿಸುತ್ತದೆ. ಎದುರಾಳಿಗಳಾದ ಜರ್ಮನರ ಮೆಸರ್‌ಸ್ಮಿಟ್ ವಿಮಾನದಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮುಕಿಸುವ ವ್ಯವಸ್ಥೆ ಇತ್ತು; ಅವರಿಗೆ ಈ ತೊಂದರೆ ಇರಲಿಲ್ಲ. ಬೆನ್ನಟ್ಟಿದ ಶತ್ರುವಿನಿಂದ ಪಾರಾಗಬೇಕಾದ ಗಳಿಗೆಯಲ್ಲಿ ಇಂಜಿನು ಕೈಕೊಟ್ಟರೆ ಗತಿಯೇನು?

ಕಾರಣ ಫ್ಲೋಟಿನ ತೊಟ್ಟಿಯಲ್ಲಿತ್ತು. ವಿಮಾನ ಹಠಾತ್ತನೆ ತಗ್ಗಿದಾಗ ಪೆಟ್ರೋಲು ತೊಟ್ಟಿಯ ಮೇಲ್ಭಾಗಕ್ಕೆ ಎಗರುತ್ತದೆ. ಮೊದಲು ಜೆಟ್ಟಿಗೆ ಪೆಟ್ರೋಲು ಸಿಗುವುದಿಲ್ಲ. ಮರುಕ್ಷಣ ಫ್ಲೋಟಿನ ಅಂಕೆ ತಪ್ಪಿ ಪೆಟ್ರೋಲು ಉಕ್ಕಿ ಹರಿದು ಇಂಜಿನನ್ನು ಮುಳುಗಿಸುತ್ತದೆ. ಫಾರ್ನ್‌ಬರೋ ಸಂಶೋಧನಾಲಯದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಇಂಜಿನಿಯರು, ಮೋಟಾರುಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ್ದವರು, ಇದಕ್ಕೆ ಸೂಚಿಸಿದ ಪರಿಹಾರ ಒಂದು ಸಣ್ಣ ತೂತಿನ ಲೋಹದ ಬಿಲ್ಲೆ. ಇಂಜಿನಿಗೆ ಅತಿ ಹೆಚ್ಚೆಂದರೆ ಎಷ್ಟು ಪೆಟ್ರೋಲು ಬೇಕೋ ಅಷ್ಟು ಮಾತ್ರ ಅದರಲ್ಲಿ ಹಾಯುತ್ತದೆ. ಉಕ್ಕಿ ಹರಿಯಲು ಅವಕಾಶವಿಲ್ಲ. 1941ರಲ್ಲಿ ಆಕೆ ತನ್ನ ತಂಡದೊಡನೆ ವಿಮಾನ ನೆಲೆಯಿಂದ ವಿಮಾನ ನೆಲೆಗೆ ಹೋಗಿ ಅದನ್ನು ಅಳವಡಿಸಿದರು. ವಿಮಾನಗಳನ್ನು ಸೇವೆಯಿಂದ ಹಿಂತೆಗೆಯಬೇಕಾಗಲಿಲ್ಲ. ಪೂರ್ಣ ಪರಿಹಾರಕ್ಕೆ ಬೇರೆ ಬಗೆಯ ಕಾರ್ಬುರೇಟರೇ ಬರಬೇಕಾಯಿತು. ಆದರೆ ಅದು ಬರುವವರೆಗೆ ಪ್ರಾಣ ಉಳಿಸಿದ್ದು ಈ ಬಿಲ್ಲೆ.

ಅದೇ ಸ್ಪಿಟ್‌ಫೈರ್ ಮರುಭೂಮಿಗೆ ಹೋದಾಗ ಧೂಳಿನ ಪ್ರಶ್ನೆ ಎದ್ದಿತು. ವೋಕ್ಸ್ ಎಂಬ ದೊಡ್ಡ ಫಿಲ್ಟರನ್ನು ಮೂತಿಯ ಕೆಳಗೆ ಕಟ್ಟಿದರು. ಇಂಜಿನು ಉಳಿಯಿತು, ವೇಗ ಕುಂದಿತು. ಕೊನೆಗೆ ಈಜಿಪ್ಟಿನ ಅಬೂಕೀರ್ ಎಂಬಲ್ಲಿನ ದುರಸ್ತಿ ಘಟಕದವರು ಅದಕ್ಕಿಂತ ಚಿಕ್ಕದಾದ ಫಿಲ್ಟರೊಂದನ್ನು ತಾವೇ ತಯಾರಿಸಿಕೊಂಡರು. ಧೂಳು ತಡೆಯಬೇಕು, ಉಸಿರು ಕಟ್ಟಬಾರದು - ಏರ್ ಕ್ಲೀನರಿನ ಇಡೀ ಶಾಸ್ತ್ರ ಈ ಎರಡು ಮಾತುಗಳಲ್ಲಿದೆ.

ಬೆಂಗಳೂರಿಗೆ ಬರಬೇಕಾಗಿದ್ದ ಕಾರ್ಖಾನೆ

ನಮ್ಮ ದೇಶದಲ್ಲಿಯೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. ಉದ್ಯಮಿ ವಾಲಚಂದ ಹೀರಾಚಂದರು ಅವರ ಜೊತೆಗೂಡಿದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಕಟ್ಟುವ ಮಾತು ನಡೆಯಿತಾದರೂ ಬ್ರಿಟಿಷ್ ಆಡಳಿತದ ಬೆಂಬಲ ದೊರೆಯದೆ ಅದು ಕೈಗೂಡಲಿಲ್ಲ. 1940ರಲ್ಲಿ ವಾಲಚಂದರು ಮೈಸೂರು ಸರಕಾರದೊಡನೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನೇನೋ ತೆರೆದರು. ಮೋಟಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ನನಸಾಯಿತು. 1964ರಲ್ಲಿ ಬಂದ ಫಿಯೆಟ್ 1100 ಡಿಲೈಟ್ ಕಾರೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಇಂಜಿನು 1089 ಸಿ.ಸಿ.ಯದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಜನ ರೈಲಿಳಿದು ಟ್ರಂಕು ಹೇರಿಸಿದ ಕಪ್ಪು-ಹಳದಿ ಟ್ಯಾಕ್ಸಿಯ ಹಿಂದೆ ಹೀಗೊಂದು ಮೈಸೂರಿನ ಕನಸು ಇತ್ತೆಂಬುದು ನೆನಪಿಡತಕ್ಕ ಸಂಗತಿ.

ದೋಷ ಹುಡುಕುವ ಕ್ರಮ

ಈಗಲೂ ನಮ್ಮವರಲ್ಲಿ ಕೆಲವರ ಮನೆಯ ಮುಂದೆ ಹಳೆಯ ಪದ್ಮಿನಿ, ಅಂಬಾಸಡರ್ ಅಥವಾ ಮೊದಲ ಮಾರುತಿ ನಿಂತಿರುವುದುಂಟು. ಅಂಥವರ ಉಪಯೋಗಕ್ಕೆ ಮೇಲಿನ ಇತಿಹಾಸವನ್ನೇ ತಿರುಗಿಸಿ ಹೇಳುತ್ತೇನೆ.

ಕಪ್ಪು ಹೊಗೆ, ಪೆಟ್ರೋಲಿನ ವಾಸನೆ, ಮಸಿ ಹಿಡಿದ ಪ್ಲಗ್ಗು - ಇವು ರಿಚ್ ಮಿಶ್ರಣದ ಗುರುತು. ಮೊದಲು ಕಾರ್ಬುರೇಟರನ್ನು ಮುಟ್ಟಬೇಡಿ. ಏರ್ ಕ್ಲೀನರಿನ ಮುಚ್ಚಳ ತೆಗೆದು ಕಾಗದದ ಫಿಲ್ಟರನ್ನು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಗಾಳಿಯೂ ಹೋಗದು. ಧೂಳು ಮಾತ್ರವಿದ್ದರೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಊದಿಸಿ. ಎಣ್ಣೆ ಕುಡಿದಿದ್ದರೆ ಬದಲಾಯಿಸಿ. ಆ ಮೇಲೆ ಚೋಕ್ ಪೂರ್ತಿ ತೆರೆದುಕೊಳ್ಳುತ್ತದೆಯೇ ನೋಡಿ. ಗುಂಡಿಯನ್ನು ಒಳಗೆ ಒತ್ತಿದರೂ ತಂತಿ ಸಿಕ್ಕಿಕೊಂಡು ತಟ್ಟೆ ಅರ್ಧ ಮುಚ್ಚಿಯೇ ಇರಬಹುದು. ಮೂರನೆಯದು ಫ್ಲೋಟು. ಸೂಜಿಯ ವಾಲ್ವಿನಲ್ಲಿ ಕಸ ಕೂತರೆ, ಅಥವಾ ಫ್ಲೋಟಿನಲ್ಲಿ ತೂತು ಬಿದ್ದು ಅದು ಮುಳುಗಿದರೆ, ಪೆಟ್ರೋಲು ಉಕ್ಕುತ್ತಲೇ ಇರುತ್ತದೆ. ಫ್ಲೋಟನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಸೇರಿದ ಪೆಟ್ರೋಲಿನ ಸದ್ದು ಕೇಳುತ್ತದೆ.

ಇಂಜಿನು ಮುಗ್ಗರಿಸುವುದು, ಕಾರ್ಬುರೇಟರಿನ ಬಾಯಿಂದ ಪಟಪಟ ಸದ್ದು, ಬಿಳಿಚಿದ ಪ್ಲಗ್ಗು - ಇವು ಲೀನ್ ಮಿಶ್ರಣದ ಗುರುತು. ಜೆಟ್ಟಿನಲ್ಲಿ ಕಸವಿರಬಹುದು, ಪೆಟ್ರೋಲಿನಲ್ಲಿ ನೀರಿರಬಹುದು, ಅಥವಾ ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟಿನಿಂದ ಕಳ್ಳಗಾಳಿ ನುಗ್ಗುತ್ತಿರಬಹುದು. ಓಡುವಾಗ ಸರಿಯಿದ್ದು ಸಿಗ್ನಲಿನಲ್ಲಿ ಆರಿಹೋದರೆ ಐಡ್ಲಿಂಗ್ ಜೆಟ್ಟನ್ನೂ, ತುಳಿದಾಗ ಮಾತ್ರ ತಡವರಿಸಿದರೆ ಆಕ್ಸಿಲರೇಟರ್ ಪಂಪನ್ನೂ ನೋಡಬೇಕು.

ಜೆಟ್ಟನ್ನು ತಂತಿಯಿಂದ ಚುಚ್ಚಬಾರದು. ಬರ್ತಾ ಬೆನ್ಜಳ ಪಿನ್ನು ಕೊಳವೆಗೆ ಸರಿ, ಜೆಟ್ಟಿಗೆ ಸಲ್ಲದು. ತೂತಿನ ವ್ಯಾಸ ಶೇಕಡ 10 ಹಿಗ್ಗಿದರೆ ಅದರ ವಿಸ್ತೀರ್ಣ ಶೇಕಡ 21 ಹೆಚ್ಚುತ್ತದೆ. ಆ ಮೇಲೆ ಪ್ರತಿ ಕಿಲೋಮೀಟರಿಗೂ ದಂಡ ತೆರಬೇಕು. ಗಾಳಿ ಊದಿ ಶುಚಿ ಮಾಡುವುದೇ ಸರಿಯಾದ ಕ್ರಮ.

ಘಟ್ಟ ಹತ್ತುವಾಗ ಬಿಸಿಲಿಗೆ ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನಾಗಿ ಹೊರಟರೆ ಅದು ಕೊಳವೆಯಲ್ಲಿ ಪೆಟ್ರೋಲು ಕುದಿದು ಆವಿ ಕಟ್ಟಿಕೊಂಡ ತೊಂದರೆ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆಯ ಡ್ರೈವರುಗಳ ಉಪಾಯ ಶಾಸ್ತ್ರಸಮ್ಮತವೇ. ಊಟಿಯಂತಹ ಎತ್ತರದಲ್ಲಿ, ಅಂದರೆ ಸುಮಾರು 2,240 ಮೀಟರಿನಲ್ಲಿ, ಗಾಳಿ ತೆಳುವಾದುದರಿಂದ ಮಿಶ್ರಣ ರಿಚ್ ಆಗಿ ಗಾಡಿ ಸೊರಗುತ್ತದೆ. ಅದು ರೋಗವಲ್ಲ, ಕೆಳಗಿಳಿದರೆ ಸರಿಹೋಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಏರ್ ಕ್ಲೀನರ್ ಧೂಳನ್ನು ತಡೆಯುವುದಷ್ಟೇ ಅಲ್ಲ, ಇಂಜಿನು ಹಿಮ್ಮೊಗವಾಗಿ ಸಿಡಿದಾಗ ಬೆಂಕಿಯ ನಾಲಗೆಯನ್ನೂ ತಡೆಯುತ್ತದೆ. ಅದನ್ನು ಕಳಚಿಟ್ಟು ಗಾಡಿ ಓಡಿಸುವುದೂ, ಹೊರಡದ ಗಾಡಿಯ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿಯುವುದೂ ಕೈ ಮುಖ ಸುಟ್ಟುಕೊಳ್ಳುವ ದಾರಿ. ಕಾರ್ಬುರೇಟರು ಬಿಚ್ಚುವ ಮೊದಲು ಬ್ಯಾಟರಿಯ ತಂತಿ ತೆಗೆಯಿರಿ. ಬೀಡಿ, ಸಿಗರೇಟು ಹತ್ತಿರ ಸುಳಿಯದಿರಲಿ.

ಕೊನೆಯ ಅಧ್ಯಾಯ

ಕಾರ್ಬುರೇಟರನ್ನು ಹಿಂದೆ ಸರಿಸಿದ ದೂರು ಕೊನೆಯದು, ದೊಡ್ಡದು: ನಗರದ ಹೊಗೆ. ನಮ್ಮಲ್ಲಿ ಪೆಟ್ರೋಲ್ ಗಾಡಿಗಳ ಹೊಗೆಗೆ ಮೊದಲ ಮಿತಿ ಬಂದುದು 1991ರಲ್ಲಿ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿತು. 2000ದ ಸುಮಾರಿಗೆ ನಿಯಮಗಳು ಬಿಗಿಯಾದಾಗ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಕ್ಷಣಕ್ಷಣಕ್ಕೂ ಪೆಟ್ರೋಲಿನ ಪ್ರಮಾಣ ತಿದ್ದುವ ಇಂಜೆಕ್ಷನ್ ವ್ಯವಸ್ಥೆಯೇ ಬೇಕಾಯಿತು. ಯಾವ ಜೆಟ್ಟೂ ಅಷ್ಟು ಚುರುಕಲ್ಲ. 2020ರ ಏಪ್ರಿಲಿನ ನಿಯಮದೊಡನೆ ಬಹುಪಾಲು ಹೊಸ ಮೋಟಾರುಸೈಕಲ್ಲುಗಳಿಂದಲೂ ಕಾರ್ಬುರೇಟರು ಮರೆಯಾಯಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿಯಿತು.

ಆದರೆ ಉಳಿದಿರುವ ಹಳೆಯ ಗಾಡಿಗಳಿಗೆ ಹೊಸ ಪ್ರಶ್ನೆಯೊಂದು ಎದುರಾಗಿದೆ. 2025ರಲ್ಲಿ ನಮ್ಮ ಪೆಟ್ರೋಲಿಗೆ ಶೇಕಡ 20 ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಈ ಮಿಶ್ರ ಪೆಟ್ರೋಲಿಗೆ 14.7ರ ಬದಲು ಸುಮಾರು 13.5 ಪಾಲು ಗಾಳಿ ಸಾಕು. ಹಳೆಯ ಜೆಟ್ಟಿಗೆ ಇದು ತಿಳಿಯದು. ಅದು ಹಿಂದಿನ ಲೆಕ್ಕದಲ್ಲೇ ಕೊಡುತ್ತದೆ, ಮಿಶ್ರಣ ಲೀನ್ ಆಗುತ್ತದೆ. ಎಥನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ನೀರನ್ನು ಹೀರುತ್ತದೆ, ಟ್ಯಾಂಕಿನ ಹಳೆಯ ಜಿಡ್ಡನ್ನು ಕರಗಿಸಿ ಜೆಟ್ಟಿನ ಬಾಯಿಗೆ ತರುತ್ತದೆ. ಇದಕ್ಕೆ ಉತ್ತರ ಹಳೆಯದೇ: ಕೊಳವೆಗಳನ್ನು ಪರೀಕ್ಷಿಸಿ ಬದಲಾಯಿಸುವುದು, ಪೆಟ್ರೋಲ್ ಫಿಲ್ಟರನ್ನು ಶುಚಿಯಾಗಿಡುವುದು, ಪ್ಲಗ್ಗಿನ ಬಣ್ಣ ನೋಡಿ ಹದ ತಿದ್ದಿಸುವುದು, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸದಿರುವುದು.

ಪ್ಲಗ್ಗಿನ ಬಣ್ಣ ನೋಡಿ, ಇಂಜಿನಿನ ಸದ್ದು ಕೇಳಿ ರೋಗ ಹೇಳಬಲ್ಲ ಮೆಕ್ಯಾನಿಕರು ಈಗ ವಿರಳವಾಗುತ್ತಿದ್ದಾರೆ. ಅವರ ವಿದ್ಯೆ ಕೈಯಿಂದ ಕೈಗೆ ಬಂದುದು. ಅದರಲ್ಲಿ ಪುಸ್ತಕಕ್ಕೆ ಇಳಿದುದು ಕಡಿಮೆ, ಕನ್ನಡದಲ್ಲಿ ಇನ್ನೂ ಕಡಿಮೆ. ನಮ್ಮ ಓದುಗರ ಬಂಧುಬಳಗದಲ್ಲಿ ಗ್ಯಾರೇಜು ನಡೆಸಿದವರೋ, ಟ್ಯಾಕ್ಸಿ, ಲಾರಿ ಓಡಿಸಿದವರೋ ಇದ್ದರೆ ಅವರ ಮುಂದೆ ಒಂದು ಭಾನುವಾರ ಕುಳಿತು ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ಅವರು ಬಳಸಿದ ಒಂದೊಂದು ಪದ, ಒಂದೊಂದು ಉಪಾಯ ಯಾವುದೋ ದೂರಿನ ಉತ್ತರವಾಗಿರುತ್ತದೆ. ದೂರು ಮತ್ತೆ ಬಂದಾಗ ಉತ್ತರ ನಮ್ಮ ಬಳಿ ಇರಬೇಕಷ್ಟೆ.